ಸವಳು ನೀರಿಗೆ ಒಗ್ಗುವ ಸಣ್ಣ ಬಚ್ಚಲು: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಬಾತ್‌ರೂಮ್ ಹೊಸದು ಮಾಡಿಸೋಣ ಅಂದ ಕೂಡಲೇ ಎಲ್ಲರೂ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಅದನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿ. ಮೊದಲು ನಿಮ್ಮ ಬಕೆಟ್ಟಿನ ತಳ ನೋಡಿ. ನಳದ ಬಾಯಿ ನೋಡಿ. ಗೀಸರಿನಿಂದ ಬಿಸಿನೀರು ಎಷ್ಟು ಸಣ್ಣಗೆ ಬರುತ್ತಿದೆ ನೋಡಿ. ಎಲ್ಲ ಕಡೆ ಬಿಳಿ ಪರೆ ಕಟ್ಟಿದೆಯಾ? ಹಾಗಿದ್ದರೆ ನಿಮ್ಮ ಬಚ್ಚಲಿಗೆ ಏನು ಹಾಕಬೇಕು ಅನ್ನುವುದರಲ್ಲಿ ಅರ್ಧವನ್ನು ಆ ನೀರೇ ತೀರ್ಮಾನಿಸಿಬಿಟ್ಟಿದೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೋರಿನ ನೀರು ಬಹಳಷ್ಟು ಕಡೆ ಸವಳು, ಅಂದರೆ ಪರೆ ಕಟ್ಟಿಸುವ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ. ಬೇರೆ ನೀರೇ ಇಲ್ಲ ಅಂದಾಗ 600ರವರೆಗೆ ಒಪ್ಪುತ್ತಾರೆ. ನಿಮ್ಮ ನೀರು ಇದರಲ್ಲಿ ಎಲ್ಲಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಪೆನ್ನಿನಂಥ ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ನೀರಿನಲ್ಲಿ ಕರಗಿದ ಉಪ್ಪುಗಳ ಒಟ್ಟು ಅಂದಾಜು ಹೇಳುತ್ತದೆ, ಪರೆ ಕಟ್ಟಿಸುವ ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಸಿಗುತ್ತದೆ, ಅದು ಸಾಕು.

ಐದಡಿ-ಏಳಡಿಯ ಬಚ್ಚಲು, ಅದರೊಳಗೇ ಸಂಡಾಸು, ಮೇಲೆ ಸಿಂಟೆಕ್ಸ್ ಟ್ಯಾಂಕು, ಕೈಯಲ್ಲಿ ಲೆಕ್ಕದ ಹಣ. ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವುದನ್ನು ಹೋಲಿಸುವಾಗಲೂ ನಾನು ಕೇಳುವುದು ಒಂದೇ: ಇದು ಗೋಡೆ, ನೆಲದ ಒಳಗೆ ಹೋಗುವುದಾ, ಅಥವಾ ಮೇಲೆ ಕೂರುವುದಾ? ಒಳಗೆ ಹೋಗುವುದರಲ್ಲಿ ಹಣ ಉಳಿಸಲು ಹೋಗಬೇಡಿ. ಮೇಲೆ ಕೂರುವುದನ್ನು ಮುಂದಿನ ದೀಪಾವಳಿಗೆ ಬೇಕಾದರೂ ಬದಲಿಸಬಹುದು.

ಎಲ್ಲ ಕೀಳಬೇಕಾ, ಹಳೆಯದರ ಮೇಲೆ ಹಚ್ಚಬೇಕಾ

"ಹಳೇದರ ಮ್ಯಾಲೇ ಹಚ್ಚಿಬಿಡೂಣ್ರಿ, ಎರಡ ದಿನದಾಗ ಮುಗೀತದ." ಗೌಂಡಿ ಹೀಗೆ ಹೇಳಿದರೆ ಅವರು ಸುಳ್ಳೇನೂ ಹೇಳುತ್ತಿಲ್ಲ. ಟೈಲ್ಸ್ ಮೇಲೆ ಟೈಲ್ಸ್ ಹಚ್ಚಲು ಬೇರೆಯದೇ ಅಡೆಸಿವ್ (ಅಂಟು) ಸಿಗುತ್ತದೆ. ಧೂಳಿಲ್ಲ, ಒಡೆಯುವ ಕೂಲಿ ಇಲ್ಲ, ಕಸ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಇಲ್ಲ. ಹಳೆ ಟೈಲ್ಸ್ ಗಟ್ಟಿ ಕೂತಿದ್ದು, ಎಲ್ಲೂ ಸೋರದೆ, ಬಣ್ಣ ಮಾತ್ರ ಬೇಸರ ಬಂದಿದ್ದರೆ ಇದು ಒಳ್ಳೆ ದಾರಿ.

ಗಟ್ಟಿ ಇದೆಯಾ ಅಂತ ನೀವೇ ನೋಡಬಹುದು. ಒಂದು ನಾಣ್ಯ ತಗೊಂಡು ಪ್ರತಿ ಟೈಲ್ಸಿನ ನಾಲ್ಕು ಮೂಲೆ, ನಡುಮಧ್ಯ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಚೊಕ್ಕ. ಒಳಗೆ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳು ಇದ್ದದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಹತ್ತರಲ್ಲಿ ಒಂದು ಟೊಳ್ಳಾದರೆ ಅಷ್ಟನ್ನೇ ತೆಗೆದು ತುಂಬಿಸಿದರೆ ನಡೆಯುತ್ತದೆ. ಮೂರ್ನಾಲ್ಕಕ್ಕೆ ಹೋದರೆ ಎಲ್ಲ ಕೀಳಿ. ಟೊಳ್ಳಾದ ಟೈಲ್ಸಿನ ಮೇಲೆ ಇನ್ನೊಂದರ ಭಾರ ಹೇರಿದರೆ ಎರಡೂ ಸೇರಿ ಬೀಳುತ್ತವೆ.

ಬಚ್ಚಲಿನ ಹೊರಗೋಡೆ ಉಬ್ಬಿದ್ದರೆ, ಪಕ್ಕದ ಕೋಣೆಯ ಬಣ್ಣ ಪುಡಿಪುಡಿ ಉದುರುತ್ತಿದ್ದರೆ, ಕೆಳಗಿನ ಮನೆಯ ಸೀಲಿಂಗಿನಲ್ಲಿ ಹಳದಿ ಕಲೆ ಇದ್ದರೆ ಎರಡನೇ ಮಾತಿಲ್ಲ, ಒಡೆಯಲೇಬೇಕು. ಸೋರಿಕೆ ಇರುವುದು ಟೈಲ್ಸಿನ ಕೆಳಗೆ. ಮೇಲೆ ಎಷ್ಟು ಚಂದದ ಟೈಲ್ಸ್ ಹಚ್ಚಿದರೂ ಅದು ನಿಲ್ಲುವುದಿಲ್ಲ. ಹಳೆಯ ಕಬ್ಬಿಣದ ಜಿಐ ಪೈಪ್ ಇದ್ದ ಮನೆಗೂ ಇದೇ ಮಾತು. ಸವಳು ನೀರು ಹರಿದ ಜಿಐ ಪೈಪನ್ನು ಕತ್ತರಿಸಿ ನೋಡಿದರೆ ಒಳಗೆ ತುಕ್ಕು, ಪರೆ ಸೇರಿ ಬೆರಳು ತೂರದಷ್ಟು ಕಟ್ಟಿರುತ್ತದೆ. ಅದನ್ನು ಗೋಡೆಯೊಳಗೆ ಬಿಟ್ಟು ಮೇಲೆ ಹೊಸ ನಳ ಹಾಕಿ ಏನು ಬಂತು? ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು, ತಣ್ಣೀರಿಗೆ ಸಾದಾ ಗಟ್ಟಿ ಪ್ಲಾಸ್ಟಿಕ್ಕಿನ ಯುಪಿವಿಸಿ ಹಾಕಿಸಿ. ಎರಡಕ್ಕೂ ಸಿಪಿವಿಸಿ ಹಾಕಿಸಿದರೂ ಇಷ್ಟು ಸಣ್ಣ ಬಚ್ಚಲಿಗೆ ಖರ್ಚು ಬಹಳ ಹೆಚ್ಚಾಗುವುದಿಲ್ಲ. ಗೋಡೆ ಮುಚ್ಚುವ ಮೊದಲು ಪೈಪುಗಳ ಫೋಟೊ ತೆಗೆದುಕೊಳ್ಳಿ, ಪಕ್ಕದಲ್ಲಿ ಟೇಪ್ ಹಿಡಿದು. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಅದು ಬೇಕಾಗುತ್ತದೆ.

ನೆಲದ ಕೆಳಗಿನ ಮಣ್ಣು

ನಮ್ಮ ಕಡೆ ನೆಲಮಹಡಿಯ ಮನೆಗಳಿಗೆ ಇನ್ನೊಂದು ತೊಂದರೆ ಇದೆ: ಎರೆ ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಚ್ಚಲಿನ ನೀರು ನೆಲಕ್ಕೆ ಇಳಿದರೆ ಒಂದು ಮೂಲೆ ಎದ್ದು ಇನ್ನೊಂದು ಕುಸಿಯುತ್ತದೆ. ಬಾಗಿಲು ತಡೆಯುತ್ತದೆ, ಟೈಲ್ಸಿನ ನಡುವೆ ಬಿರುಕು ಬೀಳುತ್ತದೆ. ಅದಕ್ಕೇ ನೆಲ ಅಗೆದಾಗ ಸಡಿಲ ಎರೆಯನ್ನು ತೆಗೆಸಿ, ಗರಸು ತುಂಬಿಸಿ, ನೀರು ಹೊಡೆದು ಧಮ್ಮಸ್ಸು ಮಾಡಿಸಿ, ಅದರ ಮೇಲೆ ಕಾಂಕ್ರೀಟ್ ಹಾಸಿಸಿ. ಬೆಳಗಾವಿ ಊರಿನ ಕೆಂಪು ನೆಲದ ಮನೆಗಳಿಗೆ ಈ ಕಾಟ ಕಡಿಮೆ. ಅಲ್ಲಿ ಕಾಡುವುದು ಮಳೆಗಾಲದ ತೇವ.

ವಾಟರ್‌ಪ್ರೂಫಿಂಗಿಗೆ ಮೂರು ದಾರಿ ಹೇಳುತ್ತಾರೆ. ಸಿಮೆಂಟಿಗೆ ಬೆರೆಸುವ ದ್ರಾವಣ, ಪುಡಿ ಮತ್ತು ಹಾಲಿನಂಥ ದ್ರವ ಸೇರಿಸಿ ಬ್ರಶ್ಶಿನಲ್ಲಿ ಬಳಿಯುವ ಲೇಪ, ಬಿಸಿ ಮಾಡಿ ಅಂಟಿಸುವ ಡಾಂಬರಿನ ಹಾಳೆ. ಹಾಳೆ ತಾರಸಿಗೆ ಸರಿ. ಇಷ್ಟು ಸಣ್ಣ ಜಾಗದಲ್ಲಿ, ನಾಲ್ಕಾರು ಪೈಪಿನ ಸುತ್ತ ಅದನ್ನು ಮಡಚುವುದು ಕಷ್ಟ. ಬೆರೆಸುವ ದ್ರಾವಣ ಒಂದೇ ಸಾಲದು. ನನ್ನ ಆಯ್ಕೆ ಬಳಿಯುವ ಲೇಪ. ಒಂದು ಸಲ ಅಡ್ಡ, ಅದು ಒಣಗಿದ ಮೇಲೆ ಇನ್ನೊಂದು ಸಲ ಉದ್ದ. ನೆಲ ಪೂರ್ತಿ, ಸುತ್ತ ಗೋಡೆಗೆ ಒಂದಡಿ, ಸ್ನಾನ ಮಾಡುವ ಕಡೆ ಆರಡಿ ಎತ್ತರಕ್ಕೆ. ಗೋಡೆ-ನೆಲ ಕೂಡುವ ಮೂಲೆ ಮತ್ತು ಪೈಪಿನ ಬುಡ, ನೀರು ನುಸುಳುವುದು ಹೆಚ್ಚಾಗಿ ಅಲ್ಲೇ. ಅಲ್ಲಿ ಜಾಲರಿ ಬಟ್ಟೆ ಸೇರಿಸಿ ಬಳಿಸಿ.

ಲೇಪ ಒಣಗಿದ ಮೇಲೆ ಮೋರಿಯ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಕನಿಷ್ಠ 24 ತಾಸು, ಸಾಧ್ಯವಾದರೆ 48 ತಾಸು ಬಿಡಿ. ಏಪ್ರಿಲ್-ಮೇ ತಿಂಗಳ ವಿಜಯಪುರದಲ್ಲಿ ಬಿಸಿಲಿಗೇ ಸ್ವಲ್ಪ ನೀರು ಆವಿಯಾಗುತ್ತದೆ, ಅದಕ್ಕೆ ಪಕ್ಕದಲ್ಲೇ ಒಂದು ಅಗಲ ಬಕೆಟ್ಟಿನಲ್ಲೂ ನೀರಿಟ್ಟು ಗೆರೆ ಎಳೆಯಿರಿ. ಎರಡೂ ಒಂದೇ ಸಮ ಇಳಿದರೆ ಅದು ಆವಿ. ನೆಲದ್ದೇ ಜಾಸ್ತಿ ಇಳಿದರೆ ಸೋರುತ್ತಿದೆ. ಈ ಎರಡು ದಿನ ಕೆಲಸ ನಿಂತಿತು ಅಂತ ಗೌಂಡಿಗೆ ಬೇಸರವಾಗಬಹುದು. ಆದರೂ ಮಾಡಿಸಿ. ಇಡೀ ಕೆಲಸದಲ್ಲಿ ನಾನು ಯಾವುದಕ್ಕೂ ಬಿಟ್ಟುಕೊಡದ ಹಂತ ಇದೊಂದೇ.

ಟೈಲ್ಸಾ, ಫರಸಿನಾ

ಟೈಲ್ಸ್ ಆರಿಸುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಅದು ಎಷ್ಟು ನೀರು ಹೀರುತ್ತದೆ ಅಂತ. ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ. ಗೋಡೆಯ ಸೆರಾಮಿಕ್ ಟೈಲ್ಸ್ ಶೇಕಡಾ 10ಕ್ಕಿಂತ ಜಾಸ್ತಿ ಹೀರುತ್ತದೆ. ಹಾಗಂತ ಸೆರಾಮಿಕ್ ಕೆಟ್ಟದ್ದಲ್ಲ. ಗೋಡೆಗೆ ಅದೇ ಸಾಕು. ಹಗುರ, ಅಗ್ಗ, ಸಿಮೆಂಟಿಗೆ ಚೆನ್ನಾಗಿ ಹಿಡಿಯುತ್ತದೆ, ಹಚ್ಚುವ ಮೊದಲು ನೀರಲ್ಲಿ ನೆನೆಸಿದರೆ ಆಯಿತು. ವಿಟ್ರಿಫೈಡ್ ಹೆಚ್ಚುಕಡಿಮೆ ನೀರನ್ನೇ ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟಿಗೆ ಅದು ಅಂಟುವುದೂ ಇಲ್ಲ. ಅದಕ್ಕೆ ಅಡೆಸಿವ್ ಬೇಕೇ ಬೇಕು. ಗೋಡೆಗೆ ವಿಟ್ರಿಫೈಡ್ ತಂದು ಸಿಮೆಂಟಿನಲ್ಲಿ ಹಚ್ಚಿಸುವುದು ದುಡ್ಡನ್ನು ಎರಡು ಸಲ ಕಳೆದಂತೆ.

ನೆಲಕ್ಕೆ ಹನ್ನೆರಡು ಇಂಚಿನ ಚೌಕದ, ಮೈ ಒರಟಾಗಿರುವ ಟೈಲ್ಸ್ ತನ್ನಿ. ದೊಡ್ಡ ಟೈಲ್ಸ್ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಗೋಡೆಯ ಮಟ್ಟಿಗೆ ಅದು ನಿಜ. ಆದರೆ ನೆಲಕ್ಕೆ ಇಳಿಜಾರು ಕೊಡಬೇಕಲ್ವಾ? ನೀರು ನಾಲ್ಕೂ ಕಡೆಯಿಂದ ಮೋರಿಗೆ ಇಳಿಯಬೇಕು. ಎರಡಡಿ ಟೈಲ್ಸನ್ನು ಹಾಗೆ ಬಾಗಿಸಲು ಬರುವುದಿಲ್ಲ, ಅಡ್ಡಾದಿಡ್ಡಿ ಕತ್ತರಿಸಬೇಕಾಗುತ್ತದೆ. ಒಂದಡಿಗೆ ಕಾಲು ಇಂಚಿನಷ್ಟು ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ. ಟೈಲ್ಸಿನ ಸಂದಿಗೆ ಗ್ರೌಟ್ ತುಂಬುವ ಮೊದಲು ಪ್ರತಿ ಮೂಲೆಗೂ ಒಂದೊಂದು ತಂಬಿಗೆ ನೀರು ಸುರಿದು ನೋಡಿ. ಎಲ್ಲಾದರೂ ನಿಂತರೆ ಆ ಟೈಲ್ಸನ್ನು ಆಗಲೇ ಎತ್ತಿಸಿ.

ನಮ್ಮ ಹಳೆಯ ಮನೆಗಳಲ್ಲೆಲ್ಲ ಇದ್ದದ್ದು ಶಹಾಬಾದಿ ಫರಸಿ. ಅಗ್ಗ, ತಂಪು, ಜಾರುವುದೂ ಕಡಿಮೆ. ನನಗೆ ಅದರ ಮೇಲೆ ಪ್ರೀತಿ ಇದೆ, ಬಟ್ಟೆ ಒಗೆಯುವ ಹಿತ್ತಲಿಗೆ ಈಗಲೂ ಅದನ್ನೇ ಹೇಳುತ್ತೇನೆ. ಸಂಡಾಸು ಕೂಡಿದ ಬಚ್ಚಲಿಗೆ ಮಾತ್ರ ಬೇಡ. ಅದು ಸುಣ್ಣದ ಕಲ್ಲು. ಪರೆ ತೆಗೆಯಲು ಆ್ಯಸಿಡ್ ಹಾಕಿದರೆ ಬುರುಗು ಎದ್ದು ಕಲ್ಲಿನ ಮೈಯೇ ಕರಗುತ್ತದೆ. ಸವಳು ನೀರಿನ ಮನೆಯಲ್ಲಿ ಪರೆ ತೆಗೆಯದೆ ಇರಲು ಆಗುವುದಿಲ್ಲ. ಕಲ್ಲೇ ಬೇಕು ಅನ್ನುವವರು ಇಳಕಲ್ಲಿನ ಕೆಂಪು ಗ್ರಾನೈಟ್ ನೋಡಿ. ಆ್ಯಸಿಡ್ಡಿಗೆ ಅದು ಸುಣ್ಣದ ಕಲ್ಲಿನಂತೆ ಸೋಲುವುದಿಲ್ಲ. ಪಾಲಿಶ್ ಮಾಡದ ಒರಟು ಮೈಯದ್ದೇ ಇರಲಿ. ಹೊಸ್ತಿಲಿಗೆ, ಕಿಟಕಿಯ ಕೆಳಪಟ್ಟಿಗೆ, ಬಾಗಿಲ ಚೌಕಟ್ಟಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಗ್ರೌಟಿನಲ್ಲಿ ಸಿಮೆಂಟಿನದು ಅಗ್ಗ, ನೀರು ಹೀರದ ರಾಳದ ಎಪಾಕ್ಸಿ ಅದರ ಹಲವು ಪಟ್ಟು ದುಬಾರಿ. ನೆಲಕ್ಕೆ ಮತ್ತು ಸ್ನಾನದ ಮೂಲೆಗೆ ಎಪಾಕ್ಸಿ, ಉಳಿದ ಗೋಡೆಗೆ ಸಿಮೆಂಟ್, ಹೀಗೆ ಹಂಚಿಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೇಸಿಗೆಯಲ್ಲಿ ಕೆಲಸವಾದರೆ ಬೆಳಿಗ್ಗೆ ಬೇಗ, ಸ್ವಲ್ಪ ಸ್ವಲ್ಪವೇ ಕಲಸಿ ತುಂಬಲು ಹೇಳಿ, ಹಿಂದೆಯೇ ಒರೆಸುತ್ತಾ ಬರಲು ಇನ್ನೊಬ್ಬರು ಬೇಕು. ಟೈಲ್ಸಿನ ಮೇಲೆ ಒಣಗಿದ ಎಪಾಕ್ಸಿ ಆಮೇಲೆ ಸುಲಭಕ್ಕೆ ಬಿಡುವುದಿಲ್ಲ.

ಕಮೋಡ್: ಮೊದಲು ಟೇಪ್, ಆಮೇಲೆ ಅಂಗಡಿ

ಇಂಡಿಯನ್ನೋ ವೆಸ್ಟರ್ನೋ ಅನ್ನುವುದು ಮನೆಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ. ಒಂದೇ ಸಂಡಾಸು ಇದ್ದು, ಮಂಡಿನೋವಿನ ಅಮ್ಮನೋ ಅಜ್ಜನೋ ಇದ್ದರೆ ವೆಸ್ಟರ್ನ್ ಹಾಕಿಸಿ, ಪಕ್ಕದ ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ ಕೂರಿಸಿ. ನೀರಿನ ಅಭಾವ ಇರುವ ಮನೆಗೆ ಒಂದು ಮಾತು: ಇಂಡಿಯನ್ ಪ್ಯಾನಿಗೆ ಬಕೆಟ್ಟಿನಿಂದ ನೀರು ಹಾಕಿ ಸಾಗಿಸುವುದು ಸುಲಭ. ವೆಸ್ಟರ್ನ್ ಆದರೆ 3 ಮತ್ತು 6 ಲೀಟರಿನ ಎರಡು ಬಟನ್ ಇರುವ ಫ್ಲಶ್ಶೇ ತಗೊಳ್ಳಿ.

ಗೋಡೆಗೆ ತೂಗುವ ಕಮೋಡ್ ಈಗ ಎಲ್ಲರ ಕಣ್ಣು ಸೆಳೆಯುತ್ತಿದೆ. ಕೆಳಗೆ ಒರೆಸಲು ಸಲೀಸು, ಜಾಗ ಖುಲ್ಲಾ ಕಾಣುತ್ತದೆ. ಆದರೆ ಫ್ಲಶ್ ಟ್ಯಾಂಕು ಗೋಡೆಯೊಳಗೆ ಹೋಗುತ್ತದೆ. ಸವಳು ನೀರಿಗೆ ಅದರ ವಾಲ್ವು, ವಾಶರ್ ಪರೆ ಹಿಡಿದಾಗ ಬಟನ್ನಿನ ಸಣ್ಣ ಕಿಂಡಿಯಿಂದಲೇ ಕೈ ಹಾಕಿ ಸರಿ ಮಾಡಬೇಕು. ಬೆಳಗಾವಿಯ ಹಳೆ ಮನೆಗಳ ಮಣ್ಣಿನ ಗಾರೆಯ ಗೋಡೆಯಾದರೆ ಆ ಭಾರಕ್ಕೆ ನೆಲದಿಂದ ಎದ್ದ ಕಬ್ಬಿಣದ ಚೌಕಟ್ಟು ಬೇರೆ ಬೇಕು. ನೆಲದ ಮೇಲೆ ಕೂರುವ ಕಮೋಡ್, ಕಣ್ಣಿಗೆ ಕಾಣುವ ಟ್ಯಾಂಕು, ನಮ್ಮ ನೀರಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ತಗೊಳ್ಳಿ. ಪೈಪ್ ನೆಲಕ್ಕೆ ಇಳಿದಿದ್ದರೆ ಎಸ್-ಟ್ರ್ಯಾಪ್. ಹಿಂದಿನ ಗೋಡೆಯಿಂದ ಆ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ? 4, 9, 12 ಇಂಚಿನವು ಅಂಗಡಿಯಲ್ಲಿ ಸಾಮಾನ್ಯ. ಹಳೆ ಗೋಡೆಯಿಂದ ಅಳೆಯಬೇಡಿ. ಹೊಸ ಗಿಲಾವು, ಟೈಲ್ಸ್ ಬಂದಾಗ ಗೋಡೆ ಒಂದು ಇಂಚು ಮುಂದೆ ಬರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ. ಪೈಪ್ ಗೋಡೆಯೊಳಗೆ ಹೋಗಿದ್ದರೆ ಪಿ-ಟ್ರ್ಯಾಪ್. ಅದರ ನಡುಮಧ್ಯ ಮುಗಿದ ನೆಲದಿಂದ ಸುಮಾರು 7 ಇಂಚು ಎತ್ತರದಲ್ಲಿರಬೇಕು. ಹಳೆ ಟೈಲ್ಸ್ ಮೇಲೆ ಹೊಸದು ಹಚ್ಚಿ ನೆಲ ಏರಿಸಿದವರಿಗೆ ಕಮೋಡ್ ಕೂರದೇ ಹೋಗುವುದು ಇಲ್ಲೇ. ಅಕ್ಕಪಕ್ಕದ ಗೋಡೆಗಳಿಂದ ಕಮೋಡಿನ ನಡುವಿಗೆ 15 ಇಂಚು ಬಿಟ್ಟರೆ ಮೊಣಕೈ ತಾಗುವುದಿಲ್ಲ. ಜಾಗ ಬದಲಿಸುವ ಆಸೆ ಇದ್ದರೆ ಬಿಡಿ, ನಾಲ್ಕು ಇಂಚಿನ ಪೈಪನ್ನು ಇಳಿಜಾರು ಕೊಟ್ಟು ಸರಿಸುವುದಕ್ಕೆ ನೆಲವೆಲ್ಲ ಏರಿಸಬೇಕಾಗುತ್ತದೆ.

ಶವರಿಗೆ ಒತ್ತಡ ಎಲ್ಲಿಂದ ಬರಬೇಕು

ಬೇಗಂ ತಲಾಬ್ ಕೆರೆಯಿಂದ ವಿಜಯಪುರದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದ ಆದಿಲ್ ಶಾಹಿ ಕಾಲದವರು ಒತ್ತಡಕ್ಕೆ ಕೊಳವೆ ಒಡೆಯದಿರಲಿ ಅಂತ ದಾರಿಯುದ್ದಕ್ಕೂ ಗಂಜ್ ಅನ್ನುವ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ಇವತ್ತಿನ ಒಂದಂತಸ್ತಿನ ಮನೆಯ ಪಾಡು ಅದರ ಉಲ್ಟಾ. ನೀರು 10 ಮೀಟರ್ ಎತ್ತರದಿಂದ ಇಳಿದರೆ 1 ಬಾರ್ ಒತ್ತಡ. ತಾರಸಿಯ ಮೇಲೆ ಮೂರಡಿ ಕಟ್ಟೆ, ಅದರ ಮೇಲೆ ಟ್ಯಾಂಕು ಅಂದರೆ ಶವರಿನ ಬಾಯಿಗೆ ಸಿಗುವುದು ಹೆಚ್ಚುಕಡಿಮೆ 2 ಮೀಟರ್ ಎತ್ತರ, ಅಂದರೆ 0.2 ಬಾರ್. ಸೀಲಿಂಗಿನಿಂದ ಮಳೆಯಂತೆ ಸುರಿಯುವ ಅಗಲದ ಶವರಿಗೆ ಇದು ಏನೇನೂ ಸಾಲದು, ನೀರು ತೊಟ್ಟಿಕ್ಕುತ್ತದೆ. ಅದೇ ಬೇಕು ಅಂದರೆ ಪ್ರೆಶರ್ ಪಂಪ್ ಬೇಕು, ಅದರ ಜೊತೆ ನೀರೂ ಹೆಚ್ಚು ಖರ್ಚಾಗುತ್ತದೆ. ದಿನಗಟ್ಟಲೆ ನಳಕ್ಕೆ ಕಾಯುವ ಓಣಿಯಲ್ಲಿ ಆ ಶವರ್ ಸುಮ್ನೆ ನೋಡೋಕೆ ಮಾತ್ರ.

ಬಕೆಟ್ ಹಿಡಿಯುವ ಎತ್ತರದಲ್ಲಿ ದೊಡ್ಡ ನಳ, ಜೊತೆಗೆ ಕೈಯಲ್ಲಿ ಹಿಡಿಯುವ ಸಣ್ಣ ಶವರ್, ರಂಧ್ರಗಳು ರಬ್ಬರಿನದು. ರಬ್ಬರ್ ಮೊನೆಯನ್ನು ಬೆರಳಿನಿಂದ ಉಜ್ಜಿದರೆ ಪರೆ ಉದುರುತ್ತದೆ. ಲೋಹದ ರಂಧ್ರವಾದರೆ ಸೂಜಿ ಹಿಡಿದು ಕೂರಬೇಕು. ನಳಕ್ಕೆ ಕ್ರೋಮ್ ಲೇಪದ ಹಿತ್ತಾಳೆ ಬಾಳಿಕೆಯದು, ಆದರೆ ಪರೆ ತೆಗೆಯಲು ಆ್ಯಸಿಡ್ ಮುಟ್ಟಿಸಿದರೆ ಲೇಪ ಎದ್ದು ಹೋಗುತ್ತದೆ. ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಬಟ್ಟೆ ನೆನೆಸಿ ಸುತ್ತಿಟ್ಟು, ಆಮೇಲೆ ತೊಳೆದರೆ ಸಾಕು. ಪಿಟಿಎಂಟಿ ಅನ್ನುವ ಗಟ್ಟಿ ಪ್ಲಾಸ್ಟಿಕ್ ನಳಕ್ಕೆ ತುಕ್ಕಿನ ಚಿಂತೆ ಇಲ್ಲ, ಬೆಲೆಯೂ ಕಡಿಮೆ. ಬಕೆಟ್ಟಿನ ನಳಕ್ಕೆ ಧಾರಾಳವಾಗಿ ಹಾಕಿಸಬಹುದು. ನೀರನ್ನು ನಳಕ್ಕೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಹೂತುಹೋಗುವ ಡೈವರ್ಟರಿಗೆ ಮಾತ್ರ ಅಗ್ಗದ್ದು ಬೇಡ.

ಗಾಜಿನ ತಡೆಗೋಡೆ ಬೇಡ ಅನ್ನುತ್ತೇನೆ. ಸವಳು ನೀರಿಗೆ ಪ್ರತಿ ಸ್ನಾನದ ನಂತರ ಒರೆಸದಿದ್ದರೆ ತಿಂಗಳೊಳಗೆ ಮಸುಕು. ಒಂದು ಇಂಚಿನ ಗ್ರಾನೈಟ್ ಪಟ್ಟಿ, ಮೇಲೊಂದು ಪರದೆ ಸಾಕು.

ಬಿಸಿನೀರು

ಬಂಬದ ನೀರಿನ ಸುಖ ಬೇರೆಯೇ. ಆದರೆ ಸೌದೆ, ಹೊಗೆ, ಜಾಗ ಮೂರೂ ಬೇಕು, ಐದಡಿ ಬಚ್ಚಲಿನೊಳಗೆ ಅದು ಆಗದ ಮಾತು. ಉಳಿದದ್ದು ಗೀಸರ್.

3 ಲೀಟರಿನ ಇನ್‌ಸ್ಟಂಟ್ ಗೀಸರ್ 3 ಕಿಲೋವ್ಯಾಟಿನದು. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ನೀರು ಸುಮಾರು 21 ಡಿಗ್ರಿ ಏರುತ್ತದೆ, 20 ಲೀಟರಿನ ಬಕೆಟ್ ತುಂಬಲು ಹತ್ತು ನಿಮಿಷ. ಒಬ್ಬಿಬ್ಬರು ಇರುವ ವಿಜಯಪುರದ ಮನೆಗೆ ಪರವಾಗಿಲ್ಲ. ಬೆಳಗಾವಿಯ ಡಿಸೆಂಬರಿನಲ್ಲಿ ಉಗುರುಬೆಚ್ಚಗೆ ಬಂದರೆ ದೊಡ್ಡದು. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ 25 ಡಿಗ್ರಿ ನೀರನ್ನು 60ಕ್ಕೆ ಏರಿಸಲು ಇಪ್ಪತ್ತು ನಿಮಿಷ ತಗೊಳ್ಳುತ್ತದೆ, ಸುಮಾರು 0.6 ಯೂನಿಟ್ ಕರೆಂಟು. ಅದಕ್ಕೆ ತಣ್ಣೀರು ಬೆರೆಸಿದರೆ ಮೈಗೆ ಹಿತವಾಗುವ 35 ಲೀಟರ್ ನೀರು ಸಿಗುತ್ತದೆ, ಅಂದರೆ ಇಬ್ಬರ ಸ್ನಾನ. ನಾಲ್ಕೈದು ಮಂದಿಯ ಮನೆಗೆ ನಾನು ಇದನ್ನೇ ಹೇಳುವುದು.

ಸವಳು ನೀರಿಗೆ ಒಳಗೆ ಗಾಜಿನ ಲೇಪವಿರುವ ಟ್ಯಾಂಕು ಕೇಳಿ ತಗೊಳ್ಳಿ. ಉಷ್ಣತೆ ಏರಿದಷ್ಟೂ ಪರೆ ಜಾಸ್ತಿ ಕಟ್ಟುತ್ತದೆ, ಆದ್ದರಿಂದ ಥರ್ಮೋಸ್ಟಾಟನ್ನು 50ರ ಆಸುಪಾಸಿಗೆ ಇಡಿ. ಟ್ಯಾಂಕಿನೊಳಗೆ ಮೆಗ್ನೀಷಿಯಮ್ ಸರಳು ಇರುತ್ತದೆ. ಟ್ಯಾಂಕಿನ ಬದಲು ಅದು ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಕಡ್ಡಿಯಂತೆ ಸಣ್ಣಗಾಗಿದ್ದರೆ ಬದಲಿಸಿ. ಸೋಲಾರಿಗೆ ನಮ್ಮ ಬಿಸಿಲು ಹೇಳಿ ಮಾಡಿಸಿದ್ದು. ತಾಮ್ರದ ಕೊಳವೆಯ ಚಪ್ಪಟೆ ಫಲಕದ್ದು ಸವಳು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ, ಗಾಜಿನ ಕೊಳವೆಯದು ತಡೆಯುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಯಾವ ಕಾರಣಕ್ಕೂ ಕೂರಿಸಬೇಡಿ. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಬಣ್ಣವೂ ಇಲ್ಲ, ಜೀವ ಹೋಗುತ್ತದೆ. ಕರೆಂಟಿನ ಗೀಸರಿಗೆ ಬೇರೆ ಲೈನು, 16 ಆಂಪಿಯರ್ ಪಾಯಿಂಟು, 4 ಚದರ ಮಿಲಿಮೀಟರ್ ವೈರು, ಸರಿಯಾದ ಅರ್ಥಿಂಗ್, ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು). ಟೈಲ್ಸಿನಲ್ಲಿ ಎಷ್ಟು ಬೇಕಾದರೂ ಉಳಿಸಿ, ಇದರಲ್ಲಿ ಬೇಡ.

ಉಳಿದದ್ದು

ಬಾಗಿಲು: ಕಟ್ಟಿಗೆ ಬೇಡ. ಪಿವಿಸಿ ಅಗ್ಗ, ಹಗುರ, ವರ್ಷಗಳ ಮೇಲೆ ಕೀಲಿನ ಬಳಿ ಸಡಿಲಾಗುತ್ತದೆ. ಕಟ್ಟಿಗೆ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಡಬ್ಲ್ಯುಪಿಸಿ ದುಬಾರಿ, ಗಟ್ಟಿ, ನೀರಿಗೆ ಉಬ್ಬುವುದಿಲ್ಲ. ಜಾಗ ಇದ್ದರೆ ಹೊರಗೆ ತೆರೆಯುವಂತೆ ಕೂರಿಸಿ. ಒಳಗೆ ಯಾರಾದರೂ ಜಾರಿಬಿದ್ದರೆ ಬಾಗಿಲು ತೆಗೆಯಲು ಆಗಬೇಕು. ಎಕ್ಸಾಸ್ಟ್ ಫ್ಯಾನ್ ಆರು ಇಂಚಿನದು ಸಾಕು. ವಿಜಯಪುರದಲ್ಲಿ ಕಿಟಕಿ ಇದ್ದರೆ ಅದಿಲ್ಲದೆಯೂ ನಡೆದೀತು, ಬೆಳಗಾವಿಯ ಮಳೆಗಾಲದಲ್ಲಿ ನಡೆಯುವುದಿಲ್ಲ, ಗೋಡೆ ಒಣಗುವುದೇ ಇಲ್ಲ.

ಕೆಲಸವನ್ನು ಗುತ್ತಿಗೆಗೆ ಕೊಡಬೇಕಾ, ದಿನಗೂಲಿಗಾ? ನೀವು ದಿನವೂ ನಿಂತು ನೋಡುವಂತಿದ್ದರೆ ಒಡೆಯುವುದು ಮತ್ತು ವಾಟರ್‌ಪ್ರೂಫಿಂಗ್ ದಿನಗೂಲಿಗೆ ಮಾಡಿಸಿ, ಅವಸರ ಇರುವುದಿಲ್ಲ. ಟೈಲ್ಸ್ ಹಚ್ಚುವುದನ್ನು ಚದರಡಿ ಲೆಕ್ಕದಲ್ಲಿ ಕೊಡಿ. ಹಣವನ್ನು ಮೂರು ಕಂತಿಗೆ ಹಂಚಿ: ಒಡೆದು ಪೈಪ್ ಮುಗಿದಾಗ ಒಂದು, ನೀರು ನಿಲ್ಲಿಸಿದ ಪರೀಕ್ಷೆ ಪಾಸಾದಾಗ ಒಂದು, ಎಲ್ಲ ನಳ ಬಿಟ್ಟು ಒಂದು ವಾರ ಬಳಸಿದ ಮೇಲೆ ಕೊನೆಯದು. ಇದನ್ನು ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ, ನಡುವೆ ಮಾತು ಬೆಳೆಯುವುದಿಲ್ಲ. ಟೈಲ್ಸನ್ನು ಲೆಕ್ಕಕ್ಕಿಂತ ಹತ್ತನೇ ಒಂದು ಭಾಗ ಜಾಸ್ತಿ ತಂದು, ಒಡೆಯದೆ ಉಳಿದವನ್ನು ಅಟ್ಟದ ಮೇಲೆ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಅದೇ ಹೆಸರಿನದು ಕೇಳಿದರೂ ಬೇರೆ ಬ್ಯಾಚಿನದು ಬರುತ್ತದೆ, ಬಣ್ಣ ಕೂಡುವುದಿಲ್ಲ.